ಬಿಳಿ ಚಮಚದ ಅಳತೆ

ಡಬ್ಬಕ್ಕೆ ಚಮಚ ಹಾಕುವುದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರು ಆ ಪ್ರೋಟೀನ್ ಪುಡಿಯ ಕಾರ್ಖಾನೆಗೆ ಬಂದು ಒಂದು ದಿನ ನಿಂತು ನೋಡಬೇಕು. ಪುಡಿ ತುಂಬಿದ ಡಬ್ಬಗಳು ಬೆಲ್ಟಿನ ಮೇಲೆ ನಿಮಿಷಕ್ಕೆ ಇಪ್ಪತ್ತರಂತೆ ಬರುತ್ತವೆ. ಒಂದೊಂದಕ್ಕೂ ಒಂದು ಪ್ಲಾಸ್ಟಿಕ್ ಚಮಚ ಹಾಕಿ, ಅದು ಪುಡಿಯಲ್ಲಿ ಅರ್ಧ ಹೂತುಕೊಳ್ಳುವಂತೆ ಬೆರಳಿಂದ ಒತ್ತಬೇಕು. ಒತ್ತದಿದ್ದರೆ ಮುಚ್ಚಳದ ಯಂತ್ರಕ್ಕೆ ಹಿಡಿ ಸಿಕ್ಕಿಕೊಂಡು ಇಡೀ ಸಾಲು ನಿಲ್ಲುತ್ತದೆ, ಮೇಸ್ತ್ರಿಯ ಬಾಯಿ ಶುರುವಾಗುತ್ತದೆ. ಅವಳು ಆರು ವರ್ಷದಿಂದ ಅದೇ ಜಾಗದಲ್ಲಿ ನಿಂತು ಅದನ್ನೇ ಮಾಡುತ್ತಿದ್ದಳು. ಅಲ್ಲಿ ಅವಳ ಹೆಸರೇ ಚಮಚ ಎಂದಾಗಿಹೋಗಿತ್ತು. ದೊಡ್ಡವರ ಹಿಂದೆ ಮುಂದೆ ಸುಳಿದಾಡುವ ಚಮಚಗಳು ಅಲ್ಲಿ ಬೇರೆಯೇ ಇದ್ದರು. ಇವಳಿಗೆ ಮೇಸ್ತ್ರಿಯ ಮುಖ ಕಂಡರೆ ಆಗುತ್ತಿರಲಿಲ್ಲ.

ಮನೆಯಲ್ಲಿ ಅವಳು ಬರೀ ತಂಗಿ. ಅಕ್ಕ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ: ಒಂದು ಹೊಲಿಗೆ ಯಂತ್ರ, ಕತ್ತರಿಸುವ ಮೇಜು, ಆಳೆತ್ತರದ ಕನ್ನಡಿ, ಹಾಕಿ ನೋಡುವವರಿಗೆ ಮೂಲೆಯಲ್ಲಿ ಒಂದು ಪರದೆ, ಪರದೆಯ ಹಿಂದೆ ಕೈ ತೊಳೆಯುವ ತೊಟ್ಟಿ. ಅಮ್ಮ ಹೋದಾಗ ತಂಗಿಗೆ ಒಂಬತ್ತು, ಅಕ್ಕನಿಗೆ ಇಪ್ಪತ್ತೆರಡು. ಅಲ್ಲಿಂದ ಮುಂದಕ್ಕೆ ಅಕ್ಕನೇ ಅಮ್ಮ, ಅಕ್ಕನೇ ಅಪ್ಪ. ಬೀದಿಯವರೆಲ್ಲ ಅವಳನ್ನು ಗುಂಡಕ್ಕ ಎಂದು ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು. "ಹೌದಪ್ಪ, ನಾನು ಗುಂಡಗಿದ್ದೀನಿ. ನೀನು ತೆಳ್ಳಗಿದ್ದೂ ನಿನ್ನ ಪ್ಯಾಂಟು ನಿಲ್ತಿಲ್ವಲ್ಲ, ತಗೊಂಡು ಬಾ, ಒಂದು ಹೊಲಿಗೆ ಹಾಕಿಕೊಡ್ತೀನಿ" ಎಂದು ತಿರುಗಿಸಿ ಕೊಟ್ಟು ತಾನೇ ಮೊದಲು ನಗುತ್ತಿದ್ದಳು. ನಕ್ಕಾಗ ಎಡಗೈಯಿಂದ ಹೊಟ್ಟೆ ಒತ್ತಿ ಹಿಡಿಯುವುದು ಅವಳಿಗೆ ಅಭ್ಯಾಸವಾಗಿತ್ತು.

ಹಿಡಿಯಲೇಬೇಕಿತ್ತು. ಎಂಟು ವರ್ಷದ ಹಿಂದೆ ಗರ್ಭಕೋಶ ತೆಗೆಸಿದಾಗ ಹಾಕಿದ್ದ ಹೊಲಿಗೆಯ ಜಾಗ ಒಳಗೇ ಬಿಟ್ಟುಕೊಂಡು ಕರುಳು ಅಲ್ಲಿಂದ ಹೊರಕ್ಕೆ ಉಬ್ಬಿಕೊಂಡು ಬರುತ್ತಿತ್ತು. ಮೊದಲು ನಿಂಬೆಯಷ್ಟಿತ್ತು, ಈಗ ತೆಂಗಿನಕಾಯಿಯಷ್ಟಾಗಿತ್ತು. ಅಕ್ಕ ದಪ್ಪ ಬಟ್ಟೆಯ ಪಟ್ಟಿ ಹೊಲಿದುಕೊಂಡು ಬಿಗಿಯಾಗಿ ಕಟ್ಟಿಕೊಂಡೇ ಇಷ್ಟು ವರ್ಷ ತಳ್ಳಿದ್ದಳು. ಆಸ್ಪತ್ರೆಯ ಸರ್ಜನ್ ಕೈಯಿಟ್ಟು ನೋಡಿ ಕಡ್ಡಿ ಮುರಿದಂತೆ ಹೇಳಿದರು. ಹೀಗೇ ಬಿಟ್ಟರೆ ಒಂದಲ್ಲ ಒಂದು ದಿನ ಕರುಳು ಸಿಕ್ಕಿಕೊಂಡು ಪ್ರಾಣಕ್ಕೆ ಬರುತ್ತದೆ. ಆಪರೇಷನ್ ಮಾಡೋಣವೆಂದರೆ ತೊಂಬತ್ತಾರು ಕಿಲೋ ಮೈಯ ಮೇಲೆ ಹೊಲಿಗೆ ನಿಲ್ಲುವುದಿಲ್ಲ. ನಾಲ್ಕು ತಿಂಗಳಲ್ಲಿ ಎಂಬತ್ತಕ್ಕೆ ಇಳಿದರೆ ದಿನ ಕೊಡುತ್ತೇನೆ.

ಪಕ್ಕದ ಕೋಣೆಯಲ್ಲಿ ಪಥ್ಯ ಹೇಳುವ ಮೇಡಂ ಒಬ್ಬರಿದ್ದರು. ಬೆಳಿಗ್ಗೆ ಒಂದು ಪ್ರೋಟೀನ್ ಶೇಕ್, ಸಂಜೆ ಒಂದು ಶೇಕ್, ಮಧ್ಯಾಹ್ನ ಮಾತ್ರ ಊಟ ಎಂದು ಬರೆದುಕೊಟ್ಟರು. ಆಮೇಲೆ ಪೆನ್ನು ಕೆಳಗಿಟ್ಟು ಹೇಳಿದರು. "ನೋಡಿ, ಬರೀ ಉಪವಾಸ ಇದ್ರೂ ತೂಕ ಇಳಿಯುತ್ತೆ. ಆದ್ರೆ ಆಗ ಮೈ ಕೊಬ್ಬಿನ ಜೊತೆಗೆ ತನ್ನ ಮಾಂಸವನ್ನೂ ತಿಂದ್ಕೊಳ್ಳುತ್ತೆ. ಪ್ರೋಟೀನ್ ಹೋಗ್ತಿದ್ರೆ ಕೊಬ್ಬು ಕರಗುತ್ತೆ, ಮಾಂಸ ಉಳಿಯುತ್ತೆ. ನಾಳೆ ನಿಮ್ಮ ಗಾಯ ಕೂಡಿಸೋದೂ ಅದೇ. ಒಂದು ಶೇಕಿಗೆ ಇಪ್ಪತ್ತನಾಲ್ಕು ಗ್ರಾಂ ಪ್ರೋಟೀನ್, ಅಷ್ಟು ಹೋಗಲೇಬೇಕು. ಊಟ ಬೇಕಾದ್ರೆ ಬಿಡಿ, ಇದನ್ನ ಬಿಡಬೇಡಿ."

"ಬಿಡ್ತೀನಾ? ನಮ್ಮ ತಂಗಿ ಅದೇ ಕಾರ್ಖಾನೇಲಿರೋದು" ಎಂದಳು ಅಕ್ಕ, ತಂಗಿ ಅದರ ಮಾಲೀಕಳೇನೋ ಎಂಬಂತೆ.

ಅದೇ ಕಾರ್ಖಾನೆ ಎನ್ನುವುದು ನಿಜವೂ ಆಗಿತ್ತು, ಅನುಕೂಲವೂ ಆಗಿತ್ತು. ಸಾಗಿಸುವಾಗ ಜಜ್ಜಿಹೋದ ಡಬ್ಬಗಳನ್ನು ಕಾರ್ಖಾನೆಯವರು ಪ್ರತಿ ತಿಂಗಳೂ ಕೆಲಸದವರಿಗೆ ಹಂಚುತ್ತಿದ್ದರು. ಆದರೆ ಕೊಡುವ ಮುಂಚೆ ಉಗ್ರಾಣದವನು ಬ್ಲೇಡು ಹಿಡಿದು ಒಂದೊಂದು ಡಬ್ಬದ ಲೇಬಲ್ಲನ್ನೂ ಕೆರೆದು ತೆಗೆಯುತ್ತಿದ್ದ. ಹಿಂದೆ ಯಾರೋ ಪುಣ್ಯಾತ್ಮ ಹೀಗೆ ಸಿಕ್ಕ ಡಬ್ಬಗಳನ್ನು ಅಂಗಡಿಗೆ ಮಾರಿಕೊಂಡಿದ್ದನಂತೆ. ಹಾಗಾಗಿ ತಂಗಿ ಮನೆಗೆ ತರುವ ಡಬ್ಬದ ಮೈಮೇಲೆ ಒಂದಕ್ಷರವೂ ಇರುತ್ತಿರಲಿಲ್ಲ. ಎಷ್ಟು ನೀರಿಗೆ ಎಷ್ಟು ಪುಡಿ ಎಂದು ಅಕ್ಕ ಕೇಳಿದ್ದಕ್ಕೆ ತಂಗಿಯೇ ಬಾಯಲ್ಲಿ ಹೇಳಿದ್ದಳು. "ಒಂದು ಲೋಟಕ್ಕೆ ಒಂದು ಚಮಚ, ತಲೆ ತಟ್ಟಿ ಸಮ ಮಾಡಿ ಹಾಕು." ನೀಲಿ ಚಮಚಕ್ಕೆ ಅದು ಸರಿಯಾದ ಅಳತೆಯೇ. ಒಂದು ನೀಲಿ ಚಮಚದಲ್ಲಿ ಇಪ್ಪತ್ತನಾಲ್ಕು ಗ್ರಾಂ ಪ್ರೋಟೀನ್ ಕರಾರುವಾಕ್ಕಾಗಿ ಇತ್ತು.

ಎರಡನೇ ತಿಂಗಳಿಗೆ ಬಿಳಿ ಚಮಚ ಬಂತು. ಒಂದು ದಿನ ಬೆಳಿಗ್ಗೆ ತಂಗಿಯ ಪಕ್ಕದ ಪೆಟ್ಟಿಗೆಯಲ್ಲಿ ನೀಲಿಯ ಬದಲು ಬಿಳಿ ತುಂಬಿತ್ತು. ಹಿಡಿ ಮೊದಲಿನಷ್ಟೇ ಉದ್ದವಿತ್ತು, ಎರಡೆರಡು ಕೈಗವಸು ಹಾಕಿದ ಬೆರಳಿಗೆ ಎಲ್ಲ ಚಮಚವೂ ಒಂದೇ. ಬಣ್ಣಕ್ಕೂ ಜಿಪುಣತನ ಶುರು ಮಾಡಿದರಲ್ಲ ಎಂದುಕೊಂಡು ಅವಳು ಡಬ್ಬಕ್ಕೊಂದರಂತೆ ಒತ್ತುತ್ತ ಹೋದಳು. ಆ ತಿಂಗಳ ಅಕ್ಕನ ಡಬ್ಬದಲ್ಲೂ ಬಿಳಿಯೇ ಇತ್ತು. ಅಕ್ಕ ಹಳೆಯ ನೀಲಿ ಚಮಚವನ್ನು ತೊಳೆದು ಗುಂಡಿಗಳ ಪೆಟ್ಟಿಗೆಗೆ ಹಾಕಿದಳು. ಗುಂಡಿ ಮೊಗೆಯಲು ಚೆನ್ನಾಗಿತ್ತು. ತಂಗಿ ಹಾಕಿದ ಚಮಚವೆಂದರೆ ಸರಿಯಿರಲೇಬೇಕು, ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಲಿಲ್ಲ.

ಅಲ್ಲಿಂದ ಅಕ್ಕ ಇಳಿದದ್ದೇ ಇಳಿದದ್ದು. ಅವಳಿಗೆ ತೂಕದ ಯಂತ್ರಕ್ಕಿಂತ ತನ್ನ ಟೇಪಿನ ಮೇಲೆ ನಂಬಿಕೆ ಹೆಚ್ಚು. ಭಾನುವಾರಕ್ಕೊಮ್ಮೆ ಸೊಂಟ ಅಳೆದು, ಕನ್ನಡಿಯ ಪಕ್ಕದ ಗೋಡೆಗೆ ಸೀಮೆಸುಣ್ಣದಲ್ಲಿ ಗೀಟು ಹಾಕುತ್ತಿದ್ದಳು. ಅಂಗಡಿಗೆ ಬಂದವರೆಲ್ಲ ಆ ಗೀಟುಗಳನ್ನು ನೋಡಲೇಬೇಕು. ತನ್ನ ಅಂಗಿಗಳನ್ನು ವಾರವಾರವೂ ಬಿಚ್ಚಿ ಒಳಕ್ಕೆ ಹಿಡಿದು ಹೊಲಿದಳು. "ಇನ್ನು ಗುಂಡಕ್ಕ ಅಂದ್ರೆ ನಾನು ಓಗೊಡಲ್ಲ, ಬೇರೆ ಹೆಸರು ಹುಡುಕ್ಕೊಳ್ಳಿ" ಎಂದಳು. "ಈ ಡಬ್ಬ ಚೆನ್ನಾಗಿ ಒದಗ್ತಾ ಇದೆ ಕಣೇ, ತಿಂಗಳು ಕಳೆದ್ರೂ ಇನ್ನೂ ಅರ್ಧ ಇದೆ. ನಿಮ್ಮವರಿಗೆ ಈಗಲಾದ್ರೂ ಒಳ್ಳೇ ಬುದ್ಧಿ ಬಂತಾ?" ಎಂದೂ ಹೇಳಿದಳು. ತಂಗಿ ನಕ್ಕಳು. ಅರ್ಧ ಡಬ್ಬ ಯಾಕೆ ಉಳಿಯಿತು ಎಂದು ಕೇಳಿಕೊಳ್ಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ, ಕೇಳಿಕೊಳ್ಳಲಿಲ್ಲ.

ಅಕ್ಕನ ಬಾಚಣಿಗೆಯಲ್ಲಿ ಕೂದಲು ಗುಪ್ಪೆಗುಪ್ಪೆಯಾಗಿ ಬರತೊಡಗಿತು. ಸಂಜೆಯಾದರೆ ಪಾದ ಊದಿಕೊಂಡು ಬೆರಳೊತ್ತಿದಲ್ಲಿ ಗುಳಿ ಬೀಳುತ್ತಿತ್ತು. ಬಟ್ಟೆಯ ಥಾನು ಎತ್ತಿ ಮೇಜಿಗಿಡಲು ಎರಡು ಸಲ ಕೂತು ಎದ್ದಳು. ತೂಕ ಇಳಿಸುವುದೆಂದರೆ ಆಟವೇ, ಇಷ್ಟಾದರೂ ಆಗಬೇಡವೇ ಎಂದು ಇಬ್ಬರೂ ಅಂದುಕೊಂಡರು. ಪಥ್ಯದ ಮೇಡಂ "ಶೇಕ್ ಎಷ್ಟೆಷ್ಟು?" ಎಂದು ಕೇಳಿದಾಗ ಅಕ್ಕ "ಎರಡು ಹೊತ್ತು, ಒಂದೊಂದು ಚಮಚ, ಒಂದಿನವೂ ತಪ್ಪಿಸಿಲ್ಲ" ಎಂದಳು. "ಹಾಗಾದ್ರೆ ಸರಿ" ಎಂದರು ಅವರು. ಕೊನೆಯ ರಕ್ತಪರೀಕ್ಷೆ ನೋಡಿದ, ಸರ್ಜನ್ ಕೈಕೆಳಗಿನ ಚಿಕ್ಕ ಡಾಕ್ಟರು ಮಾತ್ರ, ಪ್ರೋಟೀನ್ ಸ್ವಲ್ಪ ಕಡಿಮೆ ಕಾಣುತ್ತಿದೆ, ಶೇಕ್ ಬಿಡಬೇಡಿ ಎಂದು ಹೇಳಿ ಕಾಗದ ಮಡಿಚಿದರು. ತೂಕ ಎಪ್ಪತ್ತೊಂಬತ್ತೂವರೆಗೆ ಬಂದಿತ್ತು. ಸೋಮವಾರ ಬಂದು ಸೇರಬೇಕು, ತೂಕ ನೋಡಿ ಮಂಗಳವಾರ ಆಪರೇಷನ್ ಎಂದು ದಿನ ಸಿಕ್ಕಿತು. ಈ ದಿನ ತಪ್ಪಿದರೆ ಇನ್ನಾರು ತಿಂಗಳು ಸಿಗುವುದಿಲ್ಲ ಎಂದೂ ಹೇಳಿದರು.

ಅದರ ಹಿಂದಿನ ಗುರುವಾರ, ಮಧ್ಯಾಹ್ನದ ಊಟದ ಹೊತ್ತಿಗೆ, ಲೇಬಲ್ ಅಂಟಿಸುವ ಕೋಣೆಯವಳು ತಂಗಿಯ ಪಕ್ಕ ಬಂದು ಕೂತಳು. ಮೇಸ್ತ್ರಿ ಅವಳಿಗೆ ಮರುಕೆಲಸ ಕೊಟ್ಟಿದ್ದ. ಅದನ್ನೇ ಬೈದುಕೊಳ್ಳುತ್ತಿದ್ದಳು.

"ಮತ್ತೆ ನೂರಿಪ್ಪತ್ತು ಡಬ್ಬಕ್ಕೆ ಹಳೇ ಲೇಬಲ್ ಹೋಗಿದೆ ಕಣೇ. ಎಲ್ಲಾ ಕಿತ್ತು ಹೊಸದು ಅಂಟಿಸು ಅಂತಾನೆ."

"ಹಳೇದಕ್ಕೂ ಹೊಸದಕ್ಕೂ ಏನು ವ್ಯತ್ಯಾಸ?"

"ಅಯ್ಯೋ, ನೀನೇ ಚಮಚ ಹಾಕೋಳು, ನಿನಗೇ ಗೊತ್ತಿಲ್ವಾ? ಬಿಳಿ ಚಮಚ ಅರ್ಧಕ್ಕರ್ಧ ಚಿಕ್ಕದು. ಅದಕ್ಕೆ ಒಂದು ಚಮಚ ಅನ್ನೋ ಕಡೆ ಎರಡು ಚಮಚ ಅಂತ ಹಾಕಿದ್ದಾರೆ. ಎರಡು ತಿಂಗಳ ಮೇಲಾಯ್ತು."

ತಂಗಿಯ ಕೈಯಲ್ಲಿದ್ದ ತುತ್ತು ಬಾಯಿಗೂ ಹೋಗಲಿಲ್ಲ, ಡಬ್ಬಿಗೂ ಹೋಗಲಿಲ್ಲ. ಉಳಿದ ಅರ್ಧ ದಿನ ಅವಳು ಒತ್ತಿದ ಒಂದೊಂದು ಚಮಚವೂ ಅವಳ ಮುಖ ನೋಡುತ್ತಿತ್ತು.

ಮನೆಗೆ ಬಂದಾಗ ಅಕ್ಕ ಮಹಡಿಯ ಮನೆಯವರಿಗೆ ಅಂಗಿ ಕೊಡಲು ಹೋಗಿದ್ದಳು. ತಂಗಿ ಗುಂಡಿ ಪೆಟ್ಟಿಗೆಯಿಂದ ನೀಲಿ ಚಮಚ ತೆಗೆದು ಒರೆಸಿದಳು. ಡಬ್ಬದ ಬಿಳಿ ಚಮಚದಲ್ಲಿ ಪುಡಿ ತುಂಬಿ, ತಲೆ ತಟ್ಟಿ, ನೀಲಿಗೆ ಸುರಿದಳು. ನೀಲಿ ಅರ್ಧಕ್ಕೆ ನಿಂತಿತು. ಇನ್ನೊಂದು ಸುರಿದಳು. ನೀಲಿ ತುಂಬಿತು. ಪುಡಿಯನ್ನು ಮತ್ತೆ ಡಬ್ಬಕ್ಕೆ ಸುರಿದು ನೀಲಿಯನ್ನು ಗುಂಡಿ ಪೆಟ್ಟಿಗೆಗೆ ಹಾಕಿದಳು. ಎರಡು ತಿಂಗಳ ಮೇಲೆ ಹತ್ತು ದಿನ ಅಕ್ಕನ ಹೊಟ್ಟೆಗೆ ಅರ್ಧ ಮಾತ್ರ ಹೋಗಿತ್ತು. ಗೋಡೆಯ ಮೇಲಿನ ಗೀಟುಗಳು ಕೊಬ್ಬು ಕರಗಿದ ಗೀಟುಗಳು ಮಾತ್ರ ಆಗಿರಲಿಲ್ಲ.

ಆಗ ಹೇಳಬೇಕಿತ್ತು. ಒಂದು ಮಾತು, ಯಾರು ಬೇಕಾದರೂ ಆಡಬಹುದಾದ ಮಾತು: ಅಕ್ಕಾ, ಅಳತೆ ತಪ್ಪಿದೆ. ಅದೂ ಈ ಮನೆಯಲ್ಲಿ! ತಂಗಿಗೆ ಹದಿಮೂರಿದ್ದಾಗ ಗಿರಾಕಿಯೊಬ್ಬರ ಕೋಟಿನ ತೋಳು ಅಳೆದು ತಪ್ಪಾಗಿ ಬರೆದಿದ್ದಳು. ತಪ್ಪಾಗಿದೆಯೆಂದು ಆಮೇಲೆ ಹೊಳೆದರೂ ಹೆದರಿ ಸುಮ್ಮನಿದ್ದಳು. ಬಟ್ಟೆ ಹಾಳಾಯಿತು. ಅವತ್ತು ಅಕ್ಕ ಅವಳನ್ನು ಮೇಜಿನ ಮುಂದೆ ನಿಲ್ಲಿಸಿಕೊಂಡು ಹೇಳಿದ್ದಳು. "ಕತ್ತರಿ ಹಾಕೋಕೆ ಮುಂಚೆ ಹೇಳು, ನಾನು ಒಂದು ಮಾತೂ ಅನ್ನಲ್ಲ. ಹತ್ತು ಸಲ ತಪ್ಪು ಅಳತೆ ತಂದ್ರೂ ಅನ್ನಲ್ಲ. ಕತ್ತರಿಸಿದ ಮೇಲೆ ಹೇಳಿದ್ರೆ ಮಾತ್ರ ನಿನ್ನ ಮುಖ ನೋಡಲ್ಲ."

ಅಕ್ಕ ಮೆಟ್ಟಿಲಿಳಿದು ಏದುಸಿರು ಬಿಡುತ್ತ ಬಂದಳು. ಮುಖ ಮಾತ್ರ ಅರಳಿತ್ತು. "ಮಹಡಿ ಮನೆಯವರು ಏನಂದ್ರು ಗೊತ್ತಾ? ಬೆನ್ನು ನೋಡಿ ನಿನ್ನನ್ನೇ ಅಂದ್ಕೊಂಡ್ರಂತೆ! ಮಂಗಳವಾರ ಆಗಿಹೋಗಲಿ, ಆಮೇಲೆ ನೋಡು, ಈ ದರಿದ್ರ ಪಟ್ಟೀನ ಒಲೆಗೆ ಹಾಕ್ತೀನಿ."

ಹೇಳಿದರೆ ದಿನ ಹೋಗುತ್ತದೆ, ಆರು ತಿಂಗಳು ಹೋಗುತ್ತದೆ, ಅಷ್ಟರೊಳಗೆ ಕರುಳು ಸಿಕ್ಕಿಕೊಂಡರೆ? ಹೀಗೆಲ್ಲ ತಂಗಿ ಲೆಕ್ಕ ಹಾಕಿದಳು. ಲೆಕ್ಕವೇನೋ ಸುಳ್ಳಲ್ಲ. ಆದರೆ ಅದರ ಅಡಿಯಲ್ಲಿದ್ದದ್ದು ಬರೀ ಭಯ, ಹದಿಮೂರನೇ ವರ್ಷದ್ದೇ ಭಯ. ಚಮಚ ಹಾಕಿದ್ದು ನಾನು, ಡಬ್ಬ ತಂದಿದ್ದು ನಾನು, ಬಾಯಲ್ಲಿ ಅಳತೆ ಹೇಳಿದ್ದೂ ನಾನು. ಇನ್ನೂ ನಾಲ್ಕು ದಿನ ಇದೆಯಲ್ಲ, ತುಂಬಿಸಿಕೊಟ್ಟರಾಯಿತು ಎಂದುಕೊಂಡಳು. ಎಪ್ಪತ್ತು ದಿನದ ಕೊರತೆಯನ್ನು ನಾಲ್ಕು ದಿನದಲ್ಲಿ ತುಂಬಿಸುತ್ತೇನೆಂದು ಹೊರಟ ಆ ಪೆದ್ದುತನಕ್ಕೆ ಸಿಟ್ಟು ಬರುತ್ತದೆ, ಮರುಕವೂ ಬರುತ್ತದೆ.

"ಇವತ್ತಿಂದ ಶೇಕ್ ನಾನೇ ಕಲಸಿ ಕೊಡ್ತೀನಿ" ಎಂದಳು.

"ಓಹೋ, ಏನು ಉಪಚಾರ! ಅಕ್ಕ ಸಾಯ್ತಾಳೇನೋ ಅಂತ ಭಯವಾ?"

"ಸುಮ್ನಿರು" ಎಂದು ಗದರಿದಳು ತಂಗಿ. ಅಡಿಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತು ಲೋಟಕ್ಕೆ ಎರಡು ಚಮಚ ಹಾಕಿದಳು. ಶುಕ್ರವಾರ ಮೂರು ಹಾಕಿದಳು. ಅಕ್ಕ ಲೋಟ ತೆಗೆದುಕೊಂಡು ಎಂದಿನಂತೆ ಯಂತ್ರದ ಮುಂದೆ ಹೋಗಿ ಕೂರುತ್ತಿದ್ದಳು. ಖಾಲಿ ಲೋಟ ಒಳಗೆ ಬರುತ್ತಿತ್ತು. ಪ್ರತಿ ಖಾಲಿ ಲೋಟಕ್ಕೂ ತಂಗಿಗೆ ಒಂದಿಷ್ಟು ಉಸಿರು ಬರುತ್ತಿತ್ತು. ಶನಿವಾರ ಪರದೆಯ ಹಿಂದಿನ ತೊಟ್ಟಿಯಲ್ಲಿ ಕೈ ತೊಳೆಯುವಾಗ ವೆನಿಲಾ ವಾಸನೆ ಮೂಗಿಗೆ ಬಡಿಯಿತು. ಅದು ಅವಳ ಕೂದಲಲ್ಲೂ ಬಟ್ಟೆಯಲ್ಲೂ ಸದಾ ಇರುವ ಕಾರ್ಖಾನೆಯ ವಾಸನೆ. ಅವಳು ಗಮನ ಕೊಡಲಿಲ್ಲ.

ಸೋಮವಾರ ಆಸ್ಪತ್ರೆಯ ತೂಕದ ಯಂತ್ರ ಎಪ್ಪತ್ತೊಂಬತ್ತು ತೋರಿಸಿತು. ಅಕ್ಕ ಗೆದ್ದವಳಂತೆ ಸುತ್ತ ನೋಡಿದಳು. ಚಿಕ್ಕ ಡಾಕ್ಟರು ಫಾರಂ ತುಂಬುತ್ತ, "ಏನಾದ್ರೂ ಹೇಳೋದಿದೆಯಾ?" ಎಂದು ತಂಗಿಯನ್ನೂ ಕೇಳಿದರು. ಅಕ್ಕ ಹಸಿರು ಗೌನಿನಲ್ಲಿ ನಿಂತು, ಇದನ್ನು ಯಾವ ಪುಣ್ಯಾತ್ಮ ಹೊಲಿದನೋ, ಕಂಕುಳೇ ಕೂಡಿಲ್ಲ ಎಂದು ನರ್ಸನ್ನು ನಗಿಸುತ್ತಿದ್ದಳು. "ಏನಿಲ್ಲ" ಎಂದಳು ತಂಗಿ.

ಆಪರೇಷನ್ ಚೆನ್ನಾಗಿಯೇ ಆಯಿತು ಎಂದರು. ನಾಲ್ಕು ದಿನ ಎಲ್ಲ ಸರಿಯಿತ್ತು. ಐದನೇ ದಿನ ಗಾಯದ ಪಟ್ಟಿ ಒದ್ದೆಯಾಯಿತು. ಏಳನೇ ದಿನ ಕೆಮ್ಮಿದಾಗ ಹೊಲಿಗೆ ಬಿಟ್ಟುಕೊಂಡಿತು. ಮತ್ತೆ ಒಳಗೆ ಕರೆದೊಯ್ದು ಹೊಲಿದರು. ಅದೂ ಕೂಡಲಿಲ್ಲ, ಕೀವಾಯಿತು, ಜ್ವರ ಏರಿತು. ಸರ್ಜನ್ ಮಂಚದ ಪಕ್ಕ ನಿಂತು ಹಣೆ ಉಜ್ಜಿಕೊಂಡರು. "ಮೈಯಲ್ಲಿ ಗಾಯ ಕೂಡಿಸೋಕೆ ಸರಕೇ ಇಲ್ಲ. ಶೇಕ್ ಸರಿಯಾಗಿ ತಗೊಂಡಿದ್ರಾ?" ಎಂದರು. ಅಕ್ಕ ಹೂಂ ಎಂದಳು. ತಂಗಿ ನೆಲ ನೋಡಿದಳು.

ಅವರು ಹೋದ ಮೇಲೆ ಅಕ್ಕ ತಂಗಿಯ ಕೈ ಎಳೆದುಕೊಂಡಳು. ಕೈ ಬೆಂಕಿಯಂತೆ ಸುಡುತ್ತಿತ್ತು.

"ನಂದೇ ತಪ್ಪು ಕಣೇ. ಡಾಕ್ಟ್ರಿಗೆ ಹೇಳಬೇಡ, ಬೈತಾರೆ."

"ಏನು ತಪ್ಪು?"

"ಕೊನೇ ನಾಲ್ಕು ದಿನ ನೀನು ಕಲಸಿ ಕೊಟ್ಟೆಯಲ್ಲ, ಗಂಜಿ ಹಾಗೆ ಗಟ್ಟಿಯಾಗಿತ್ತು. ಇಳಿದಿರೋ ತೂಕ ಇದರಿಂದ ಏರಿಬಿಟ್ರೆ ಅಂತ ಭಯ ಆಯ್ತು. ಸೋಮವಾರ ಎಂಬತ್ತರ ಮೇಲೆ ತೋರಿಸಿದ್ರೆ ವಾಪಸ್ ಕಳಿಸ್ತಿದ್ರಲ್ಲ. ಅದಕ್ಕೆ ಪರದೆ ಹಿಂದೆ ತೊಟ್ಟೀಲಿ ಚೆಲ್ಲಿಬಿಡ್ತಿದ್ದೆ. ಒಂದೊಂದು ಸಲ ಅರ್ಧ, ಒಂದೊಂದು ಸಲ ಪೂರ್ತಿ. ನೀನು ಅಷ್ಟು ಕಷ್ಟಪಟ್ಟು ಕಲಸಿಕೊಟ್ರೆ ನಾನು ಚೆಲ್ಲಿದೆ. ಅದಕ್ಕೇ ಹೀಗಾಯ್ತು."

ತಂಗಿಗೆ ಕಿರುಚಬೇಕೆನಿಸಿತು. ಬಾಯಿ ತೆರೆದಳು. ಅಷ್ಟರಲ್ಲಿ ನರ್ಸ್ ತಟ್ಟೆಯಲ್ಲಿ ಒಂದು ಡಬ್ಬ, ಒಂದು ಲೋಟ ನೀರು ಹಿಡಿದುಕೊಂಡು ಬಂದಳು. ಲೇಬಲ್ ಇರುವ, ಜಜ್ಜಿಲ್ಲದ, ಹೊಚ್ಚ ಹೊಸ ಡಬ್ಬ. ಅದನ್ನು ಕಂಡು ಜ್ವರದಲ್ಲೂ ಅಕ್ಕನ ಮುಖಕ್ಕೆ ಒಂದಿಷ್ಟು ಜೀವ ಬಂತು.

"ಇದು ನಮ್ಮ ತಂಗಿ ಕಾರ್ಖಾನೇದು. ಇದರೊಳಗೆ ಚಮಚ ಹಾಕೋದು ಇವಳೇ ಗೊತ್ತಾ?"

"ಹೌದಾ?" ನರ್ಸ್ ನಗುತ್ತ ಲೋಟಕ್ಕೆ ಒಂದು ಚಮಚ ಹಾಕಿದಳು, ಇನ್ನೊಂದು ಹಾಕಿದಳು. "ಹಾಗಾದ್ರೆ ನಿಮ್ಮವರಿಗೆ ಹೇಳಿ, ಚಮಚ ಯಾಕೆ ಇಷ್ಟು ಚಿಕ್ಕದು ಮಾಡಿದ್ರು ಅಂತ. ಮೊದಲು ಒಂದು ಹಾಕಿದ್ರೆ ಸಾಕಿತ್ತು, ಈಗ ಎರಡೆರಡು ಹಾಕಬೇಕು."

ಅಕ್ಕ ಕೈ ಚಾಚಿದಳು. ನರ್ಸ್ ಲೋಟ ಕೊಡಲು ಹೋದರೆ ಅವಳು ಚಮಚ ತೆಗೆದುಕೊಂಡಳು. ಕಾಲಿಂಚು ಹೆಚ್ಚುಕಮ್ಮಿಯನ್ನು ಕಣ್ಮುಚ್ಚಿ ಹೇಳುವ ಬೆರಳುಗಳು ಅವು. ಹೆಬ್ಬೆರಳನ್ನು ಚಮಚದೊಳಗೆ ಇಳಿಸಿ ನೋಡಿದಳು. ಗುಂಡಿ ಮೊಗೆಯುವ ನೀಲಿ ಚಮಚ ಅವಳ ನೆನಪಿಗೆ ಬಂದಿರಬೇಕು. ಆಮೇಲೆ ತಂಗಿಯ ಕಡೆ ತಿರುಗಿದಳು.

"ನಿನಗೆ ಯಾವಾಗ ಗೊತ್ತಾಯ್ತು?"

ಈಗಲೇ ಎಂದು ಹೇಳಬಹುದಿತ್ತು. ನರ್ಸ್ ಎದುರಿಗೇ ಇದ್ದಳು, ಅಕ್ಕ ನಂಬಿಬಿಡುತ್ತಿದ್ದಳು. ಆದರೆ ಗಟ್ಟಿಯಾದ ಶೇಕಿನ ಮಾತು ಆಗಷ್ಟೇ ಅಕ್ಕನ ಬಾಯಿಂದಲೇ ಬಂದಾಗಿತ್ತು.

"ಆ ಗುರುವಾರ" ಎಂದಳು ತಂಗಿ. "ಆಪರೇಷನ್‌ಗೆ ಮುಂಚೆ."

ಅಕ್ಕ ಬೆರಳು ಮಡಿಸಿ ದಿನ ಎಣಿಸಿದಳು. ಬೈಯಲಿಲ್ಲ, ಅಳಲಿಲ್ಲ.

"ಹೇಳಿದ್ದಿದ್ರೆ ನಾನು ಚೆಲ್ತಿರಲಿಲ್ಲ ಕಣೇ" ಎಂದಳು.

ತಂಗಿ ಮಂಚದ ಕಂಬಿ ಹಿಡಿದು ಅತ್ತಳು. ತಪ್ಪಾಯ್ತು ಅಕ್ಕಾ, ತಪ್ಪಾಯ್ತು ಎಂದು ಎಷ್ಟು ಸಲ ಅಂದಳೋ. ಲೋಟ ತೆಗೆದುಕೊಂಡು ಕುಡಿಸಲು ಹೋದಳು. ಅಕ್ಕ ಮುಖ ಆ ಕಡೆಗೆ ತಿರುಗಿಸಿ, "ನರ್ಸ್ ಕೊಡಲಿ" ಎಂದಳು.

ಆಮೇಲೆ ಅಕ್ಕ ಇದ್ದದ್ದು ಮೂರು ದಿನ. ಮೂರು ದಿನವೂ ತಂಗಿ ಕೆಲಸಕ್ಕೆ ಹೋಗದೆ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಬೆವರು ಒರೆಸಿದರೆ ಅಕ್ಕ ಬೇಡ ಎನ್ನಲಿಲ್ಲ, ಕಾಲೊತ್ತಿದರೆ ಎಳೆದುಕೊಳ್ಳಲಿಲ್ಲ. ಲೋಟ ಮಾತ್ರ ನರ್ಸ್ ಕೈಯಿಂದಲೇ ಆಗಬೇಕಿತ್ತು. ಕಣ್ಣು ಬಿಡಲಾಗದಷ್ಟು ಜ್ವರದಲ್ಲೂ ಪ್ರತಿ ಹೊತ್ತೂ ಕೇಳುತ್ತಿದ್ದಳು, "ಎರಡು ಹಾಕಿದ್ದೀಯಾ ತಾನೇ?" ಹೂಂ ಎಂದ ಮೇಲೆಯೇ ಬಾಯಿ ತೆರೆಯುತ್ತಿದ್ದಳು. ಒಂದು ಹನಿ ಚೆಲ್ಲದೆ ಕುಡಿಯುತ್ತಿದ್ದಳು.

ನಾಲ್ಕನೇ ದಿನ ಬೆಳಿಗ್ಗೆ ನರ್ಸ್ ಕಲಸಿ ತಂದ ಲೋಟ ಕುಡಿಯುವವರಿಲ್ಲದೆ ಪಕ್ಕದ ಮೇಜಿನ ಮೇಲೆ ಉಳಿಯಿತು. ಕೋಣೆ ಖಾಲಿ ಮಾಡುವಾಗ ಆಯಾ ಬಂದು, ಇದನ್ನೇನು ಮಾಡಲಿ, ಚೆಲ್ಲಿಬಿಡಲಾ ಎಂದು ತಂಗಿಯನ್ನು ಕೇಳಿದಳು.